ತಾಟಿನಲ್ಲಿ ಕೈ ತೊಳೆದವನ ಅಕ್ಕ

ನನ್ನ ತಮ್ಮನಿಗೆ ಉಂಡ ತಾಟು ಎತ್ತುವುದನ್ನು ನಾನು ಕಲಿಸಲಿಲ್ಲ. ಕೊಲೆ ಮಾಡಿಲ್ಲ, ಕಳ್ಳತನ ಮಾಡಿಲ್ಲ, ಆದರೂ ಹೊಲಿಗೆ ಮಷಿನ್ ಮುಂದೆ ಕೂತರೆ ಸಾಕು, ಈ ಒಂದು ಮಾತು ಸೂಜಿಯ ಹಾಗೆ ಎದೆಯಲ್ಲಿ ಮೇಲೆ ಕೆಳಗೆ ಆಡುತ್ತದೆ. ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಮ್ಮ ಮನೆಗಳಲ್ಲಿ ಗಂಡಸರು ಊಟ ಮುಗಿಸಿ ಕೂತಲ್ಲೇ ತಾಟಿನೊಳಗೆ ಕೈ ತೊಳೆಯುತ್ತಾರೆ. ತಂಬಿಗೆಯ ನೀರು ಬೀಳುತ್ತದೆ, ಉಳಿದ ಪುಂಡಿಪಲ್ಯ, ರೊಟ್ಟಿಯ ಚೂರು ತೇಲುತ್ತವೆ, ಅವರು ಧೋತರಕ್ಕೋ ಟವೆಲ್ಲಿಗೋ ಕೈ ಒರೆಸಿಕೊಂಡು ಎದ್ದು ಹೋಗುತ್ತಾರೆ. ಆ ತಾಟು ಆಮೇಲೆ ಹೇಗೆ ಒಳಗೆ ಹೋಗುತ್ತದೆ, ಮರುದಿನ ಹೇಗೆ ಥಳಥಳ ಹೊಳೆಯುತ್ತ ಮತ್ತೆ ಎದುರಿಗೆ ಬರುತ್ತದೆ ಎಂದು ಒಬ್ಬ ಗಂಡಸೂ ವಿಚಾರ ಮಾಡಿದ್ದನ್ನು ನಾನು ನೋಡಿಲ್ಲ. ಸೂರ್ಯ ಹುಟ್ಟಿದ ಹಾಗೆ ಅದೂ ತಾನಾಗಿಯೇ ಆಗುತ್ತದೆ ಎಂದು ತಿಳಿದಿರಬೇಕು.

ಇದು ಹುಟ್ಟುಗುಣ ಎನ್ನುತ್ತಾರೆ ನಮ್ಮ ಮನೆಯವರು. ಅವರಿಗೆ ಫೋನಿನಲ್ಲಿ ಯಾರೋ ಹೇಳಿದ್ದಾರೆ. "ಹಿಂದಕ ಗಂಡಸ್ರು ಅಡವ್ಯಾಗ ಬ್ಯಾಟಿ ಆಡ್ತಿದ್ರು, ಹೆಂಗಸ್ರು ಗವಿಯಾಗ ಕೂಸು ಹಿಡಕೊಂಡು ಕುಂದರ್ತಿದ್ರು. ಅದಕ್ಕ ಗಂಡಸ್ರ ಕಣ್ಣಿಗೆ ದೂರಿಂದು ಕಾಣ್ತದ, ಹತ್ತಿರಿಂದು ಕಾಣಂಗಿಲ್ಲ" ಎಂದು ಮಂಚದ ಮೇಲೆ ಕಾಲು ಚಾಚಿ ನನಗೆ ಪಾಠ ಮಾಡಿದರು. ಇರಬಹುದು. ಆದರೆ ತಾಟಿನಲ್ಲಿ ಶೇಂಗಾ ಹಿಂಡಿ ಹಾಕುವುದನ್ನು ಮರೆತ ದಿನ ಮಾತ್ರ ಅದೇ ತಾಟು ಅವರಿಗೆ ಬಹಳ ಸ್ಪಷ್ಟವಾಗಿ ಕಾಣುತ್ತದೆ. ಇನ್ನು ಬೇಟೆಯ ಮಾತು. ಸುರಪುರದ ನಮ್ಮ ಮನೆಯ ಬಚ್ಚಲಲ್ಲಿ ಕಪ್ಪೆ ಬಂದರೆ ಅದನ್ನು ಹೊರಗೆ ಹಾಕುವವಳು ನಾನು. ಬೇಟೆಗಾರರು ಆಗ ಮಂಚದ ಮೇಲೆ ನಿಂತಿರುತ್ತಾರೆ.

ನಾನು ಐದನೇತ್ತ ಓದಿದವಳು. ಮೆದುಳಿನ ಒಳಗೆ ಏನಿದೆ ಎಂದು ನನಗೆ ಗೊತ್ತಿಲ್ಲ, ಗೊತ್ತಿರುವುದು ಬಟ್ಟೆ. ಥಾನಿನಲ್ಲಿ ಇರುವಾಗ ಬಟ್ಟೆಗೆ ಗಂಡು ಹೆಣ್ಣು ಎಂಬುದಿಲ್ಲ. ಒಂದೇ ಥಾನಿನಿಂದ ಅಂಗಿಯೂ ಆಗುತ್ತದೆ, ಜಂಪರೂ ಆಗುತ್ತದೆ. ಅಂಗಿಗೆ ಕಿಸೆ ಇಡುತ್ತೇವೆ, ಜಂಪರಿಗೆ ಇಡುವುದಿಲ್ಲ. ಆಮೇಲೆ ಇದೇ ಜನ, ಹೆಂಗಸರು ಎಲ್ಲವನ್ನೂ ಸೆರಗಿನ ಗಂಟಿನಲ್ಲಿ ಬಚ್ಚಿಡುತ್ತಾರೆ, ಅವರ ಸ್ವಭಾವವೇ ಗುಟ್ಟಿನದು ಎನ್ನುತ್ತಾರೆ! ಕಿಸೆ ಹೊಲಿದು ಕೊಟ್ಟು ನೋಡಿರಿ, ಆಮೇಲೆ ಸ್ವಭಾವದ ಮಾತಾಡಿರಿ. ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ, ಹೆದರುವುದಿಲ್ಲ. ಹೆದರಿಕೆ ಇರುವುದು ಬೇರೆ ಕಡೆ. ಕತ್ತರಿ ಯಾರ ಕೈಯಲ್ಲಿತ್ತು ಎಂದು ಯಾರಾದರೂ ಕೇಳಿದರೆ?

ನನ್ನ ತಮ್ಮ ಸಿದ್ದು ಶಹಾಪುರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅವನ ಹೆಂಡತಿ ಭಾಗ್ಯ ಸಾಲೆಯ ಟೀಚರು. ಕಳೆದ ರವಿವಾರ ಬೆಳಿಗ್ಗೆ ಅವನ ಫೋನು ಬಂತು.

"ಅಕ್ಕಾ, ಲಗೂನ ಬಾ. ಈಕಿ ತವರಮನಿಗೆ ಹೊಂಟಾಳ. ಬ್ಯಾಗ ತುಂಬ್ಯಾಳ."

"ಯಾಕೋ? ಹೊಡದಿ ಏನು?"

"ಏ, ನಾ ಯಾಕ ಹೊಡೀಲಿ? ನಿನ್ನಿ ಊಟ ಮಾಡಿ ತಾಟಿನಾಗ ಕೈ ತೊಳದೆ. ಆಕೀನೂ ತಾಟಿನಾಗ ಕೈ ತೊಳಕೊಂಡು ಎದ್ದು ಹೋದಳು!"

ಹೆಂಗಸು ತಾಟಿನಲ್ಲಿ ಕೈ ತೊಳೆದಳೇ? ನಿಜ ಹೇಳುತ್ತೇನೆ, ಬೇಟೆಯ ಮಾತಿಗೆ ನಕ್ಕವಳು ನಾನೇ ಆದರೂ ಆ ಗಳಿಗೆಗೆ ಸಿಟ್ಟು ಬಂದದ್ದು ಭಾಗ್ಯಳ ಮೇಲೆ. ನಮ್ಮ ಮನೆಯವರಿಗೆ ಊಟಕ್ಕೆ ಬಡಿಸಿ, ಅವರು ಕೈ ತೊಳೆದ ತಾಟು ಎತ್ತಿಟ್ಟು, ಬಸ್ ಸ್ಟ್ಯಾಂಡಿಗೆ ಓಡಿದೆ. ಶಹಾಪುರದ ತನಕ ಬಸ್ಸಿನಲ್ಲಿ ಬೈಗುಳ ಹೊಂದಿಸುತ್ತ ಕೂತೆ. ಗಂಡಸಿನ ಸ್ವಭಾವಕ್ಕೆ ಹೆಣ್ಣು ಹೊಂದಿಕೊಳ್ಳಬೇಕು, ಅದೇ ಹೆಣ್ಣಿನ ಸ್ವಭಾವ, ಹೀಗೆ ಚೆಂದದ ಮಾತುಗಳು. ಎಲ್ಲ ನಮ್ಮವ್ವನವು. ನನ್ನ ಅಳತೆಗೆ ಹೊಲಿದವಲ್ಲ, ಆದರೆ ಎಷ್ಟು ಸರಿಯಾಗಿ ಕೂತವು!

ದಾರಿಯಲ್ಲಿ ಸಿದ್ದುನ ಅಂಗಡಿಗೆ ಹೋದೆ. ಅವನು ಒಂದು ಫೋನು ಬಿಚ್ಚಿಕೊಂಡು ಕೂತಿದ್ದ. ಸಾಸಿವೆ ಕಾಳಿಗಿಂತ ಸಣ್ಣ ಸ್ಕ್ರೂಗಳನ್ನು ಚಿಮಟಿಯಿಂದ ಒಂದೊಂದಾಗಿ ಎತ್ತಿ, ಡಬ್ಬಿಯ ಮುಚ್ಚಳದಲ್ಲಿ ಸಾಲಾಗಿ ಇಡುತ್ತಿದ್ದ. ಯಾವುದು ಎಲ್ಲಿಯದು ಎಂದು ಕಣ್ಣು ಮುಚ್ಚಿ ಹೇಳುತ್ತಾನೆ. ಕೆಲಸ ಮುಗಿದ ಮೇಲೆ ಟೇಬಲ್ ಒರೆಸಿದ, ಚಹಾ ಕುಡಿದ ಲೋಟಗಳನ್ನು ತೊಳೆದು ಬೋರಲು ಹಾಕಿದ. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ದೂರದ್ದು ಮಾತ್ರ ಕಾಣುವ ಕಣ್ಣು ಎಲ್ಲಿ ಹೋಯಿತು? ಹುಟ್ಟುಗುಣವಾದರೆ ಅದು ಅಂಗಡಿಗೂ ಜೊತೆಗೇ ಬರಬೇಕಲ್ಲ? ಮನೆಯ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟ ಹಾಗೆ ಬಿಟ್ಟು ಬರಲು ಆಗುವ ಗುಣ ಅದೆಂಥ ಹುಟ್ಟುಗುಣ?

ಅವನನ್ನೂ ಕರೆದುಕೊಂಡು ಮನೆಗೆ ಹೋದರೆ ಪಡಸಾಲೆಯ ನಡುವೆ ಎರಡು ತಾಟುಗಳು ಎದುರಾಬದುರಾ ಕೂತಿದ್ದವು. ನೀರು ಆರಿ, ಅನ್ನದ ಅಗುಳು ಒಣಗಿ, ಇರುವೆ ಸಾಲು ಹಿಡಿದಿತ್ತು. ಇರುವೆಗಳು ಮಾತ್ರ ಗಂಡಿನ ತಾಟು ಹೆಣ್ಣಿನ ತಾಟು ಎಂದು ಭೇದ ಮಾಡಿರಲಿಲ್ಲ. ಬಾಗಿಲ ಬಳಿ ಭಾಗ್ಯಳ ಬ್ಯಾಗು.

"ಬರ್ರಿ ಅಕ್ಕಾರ, ಕುಂದರ್ರಿ" ಎಂದಳು. ನೀರು ತಂದುಕೊಟ್ಟಳು. ಸಿಟ್ಟಿನಲ್ಲೂ ಮರ್ಯಾದೆ ಬಿಡಲಿಲ್ಲ, ಅದೇ ನನ್ನನ್ನು ಅರ್ಧ ಸೋಲಿಸಿತು. "ತವರಿಗೆ, ಕೊಂಕಲ್‌ಗೆ ಹೊಂಟೀನ್ರಿ. ಇವರು ತಮ್ಮ ತಾಟ ತಾವು ಎತ್ತೋತನ ಬರಂಗಿಲ್ಲ. ಬರಂಗಿಲ್ಲ ಅಂದ್ರ ಬರಂಗಿಲ್ಲ."

"ಒಂದು ತಾಟಿನ ಸಲುವಾಗಿ ಸಂಸಾರ ಬಿಡ್ತೀಯೇನವ್ವಾ?"

"ಅದನ್ನ ಇವರಿಗೆ ಕೇಳ್ರಿ. ಒಂದು ತಾಟಿನ ಸಲುವಾಗಿ ಹೆಂಡತೀನ್ನ ಬಿಡ್ತಾರೇನ್ರಿ?"

ಸಿದ್ದು ಎದೆಯುಬ್ಬಿಸಿದ. "ನನ್ನ ಸ್ವಭಾವದಾಗ ಅದಿಲ್ಲ. ನಾ ಗಂಡಸು ಅದೀನಿ."

ಭಾಗ್ಯ ನನ್ನ ಕಡೆ ತಿರುಗಿದಳು. "ಅಕ್ಕಾರ, ಇವರನ್ನ ಎತ್ತಿ ಆಡಿಸಿದಾಕಿ ನೀವು. ನೀವೇ ಹೇಳ್ರಿ. ಇವರು ಹುಟ್ಟಿದಾಗಿಂದ ಹಿಂಗ ಅದಾರೇನ್ರಿ?"

ಬಸ್ಸಿನಲ್ಲಿ ಹೊಂದಿಸಿದ್ದ ಮಾತೆಲ್ಲ ಬಾಯಿಯ ತುದಿಗೆ ಬಂದಿತ್ತು. ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು. ಅಷ್ಟರಲ್ಲಿ ಸಿದ್ದುನೇ ನನ್ನ ಪರವಾಗಿ ಸಾಕ್ಷಿ ಹೇಳಲು ಮುಂದೆ ಬಂದ.

"ಅಕ್ಕಗ ಗೊತ್ತದ. ಸಣ್ಣಾಂವ ಇದ್ದಾಗ ಒಮ್ಮೆ ಉಂಡ ತಾಟ ಎತ್ತಿಕೊಂಡು ಬಚ್ಚಲಕ್ಕ ಹೊಂಟಿದ್ದೆ. ಅಕ್ಕ ಕಸಗೊಂಡು, ಹೆಣ್ಣಾಗೀಯೇನಲೇ ಅಂತ ಓಣಿ ಮಂದಿಗೆಲ್ಲಾ ಕರೆದು ತೋರಿಸಿದಳು. ಎಲ್ಲಾರೂ ನಕ್ಕೇ ನಕ್ಕರು. ಅವತ್ತಿನಿಂದ ಮುಟ್ಟಿಲ್ಲ, ಕೇಳಬೇಕಾದ್ರ."

ಅವನು ಹೆಮ್ಮೆಯಿಂದಲೇ ಹೇಳಿದ. ನನಗೆ ಮಾತ್ರ ಆ ಕೂಸು ಕಣ್ಣಿಗೆ ಕಟ್ಟಿತು. ತನಗಿಂತ ಅಗಲದ ತಾಟನ್ನು ಎರಡೂ ಕೈಯಿಂದ ಹೊಟ್ಟೆಗೆ ಅವಚಿ, ನೀರು ಚೆಲ್ಲದ ಹಾಗೆ ನಾಲಿಗೆ ಕಚ್ಚಿ ಹೆಜ್ಜೆ ಇಡುತ್ತಿತ್ತು. ಅವ್ವ ಹೊಲಕ್ಕೆ ಹೋಗಿದ್ದಳು. ಅವನನ್ನು ನೋಡಿಕೊಳ್ಳಲೆಂದೇ ನನ್ನನ್ನು ಸಾಲೆ ಬಿಡಿಸಿದ್ದರು. ನನಗೆ ಸಹಾಯವಾಗಲಿ ಎಂದೇ ಅದು ಎತ್ತಿತ್ತೋ ಏನೋ. ಈ ಲೋಕದಲ್ಲಿ ನನ್ನ ಕೆಲಸಕ್ಕೆ ಕೈ ಹಚ್ಚಲು ಬಂದ ಮೊದಲ ಗಂಡಸು ಅವನು, ಅವನನ್ನು ನಾನು ನಗೆಪಾಟಲು ಮಾಡಿ ಓಡಿಸಿದೆ. ಮೊದಲ ಸಾಲಿನಲ್ಲಿ ಕಲಿಸಲಿಲ್ಲ ಎಂದು ಬರೆದೆನಲ್ಲ, ಅದು ಸುಳ್ಳು. ಅವನಿಗೆ ಬರುತ್ತಿತ್ತು. ನಾನು ಮರೆಸಿದೆ. ಅಡವಿಯ ಬೇಟೆಯೂ ಅಲ್ಲ, ಗವಿಯೂ ಅಲ್ಲ. ನಮ್ಮ ಮನೆಯ ಗಂಡಸನ್ನು ಗಂಡಸು ಮಾಡಿದ್ದು ಬಚ್ಚಲ ಬಾಗಿಲಲ್ಲಿ ನಿಂತ ಒಬ್ಬ ಹುಡುಗಿ. ಆ ಹುಡುಗಿಯನ್ನು ಹುಡುಗಿ ಮಾಡಿದವರು ಯಾರು ಎಂದು ಅವ್ವನನ್ನು ಕೇಳಬಹುದು, ಅವ್ವ ತನ್ನವ್ವನ ಕಡೆ ಕೈ ತೋರಿಸಿಯಾಳು. ನಾನು ತೋರಿಸುವುದಿಲ್ಲ.

ನಾನು ಬಗ್ಗಿದೆ. ಕೈ ತಾನಾಗಿಯೇ ಸಿದ್ದುನ ತಾಟಿನ ಅಂಚು ಹಿಡಿದಿತ್ತು.

"ಅಕ್ಕಾರ! ಕೆಳಗ ಇಡ್ರಿ ಅದನ್ನ" ಎಂದಳು ಭಾಗ್ಯ. ಸಾಲೆಯ ಟೀಚರ ದನಿ. ಐದನೇತ್ತ ಬಿಟ್ಟ ಮೇಲೆ ಆ ದನಿ ಕೇಳಿರಲಿಲ್ಲ, ತಟ್ಟನೆ ಇಟ್ಟೆ.

ಇರುವೆಗಳು ತಮ್ಮ ಪಾಡಿಗೆ ಹೊರಟಿದ್ದವು. ಭಾಗ್ಯ ಬ್ಯಾಗಿನ ಬೆಲ್ಟು ಹೆಗಲಿಗೆ ಹಾಕಿಕೊಂಡಿದ್ದಳು. ಸಿದ್ದು, ಅಕ್ಕ ಈಗ ಭಾಗ್ಯಳಿಗೆ ಬೈಯುತ್ತಾಳೆ ಎಂದು ಗೆದ್ದವನ ಹಾಗೆ ನಿಂತಿದ್ದ. ನಾನು ಖಾಲಿ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡೆ, ಅವು ಮತ್ತೆ ತಾಟಿನ ಕಡೆ ಓಡಬಾರದಲ್ಲ. ತಮ್ಮನ ಮುಖ ನೋಡಿಯೇ ಹೇಳಿದೆ:

"ತಪ್ಪಾತಪಾ ಸಿದ್ದು. ಅವತ್ತು ನಿನ್ನ ಕೈಯಾಗಿನ ತಾಟ ನಾ ಕಸಗೋಬಾರದಿತ್ತು. ಇಗಾ, ಅಲ್ಲೇ ಅದ. ತಗೋ, ಇವತ್ತು ಯಾರೂ ನಗಂಗಿಲ್ಲ."