ಮೂವತ್ತಾರನೆಯ ಹಾಜರಿ

ಮುರುಗೇಶಪ್ಪನ ದಿನ ಕೆಟ್ಟದ್ದು ಒಂದು ಹಲಸಿನ ಹಣ್ಣಿನಿಂದ.

ಭದ್ರಾವತಿಯ ಸರ್ಕಾರಿ ಕಚೇರಿಯೊಂದರಲ್ಲಿ ಅವನು ಗುಮಾಸ್ತ. ಐವತ್ತೆಂಟನೆಯ ಇಸವಿಯ ಬೇಸಗೆಯಲ್ಲಿ ಮೇಲಿನಿಂದ ಒಂದು ಆಜ್ಞೆ ಬಂತು. ಗುಮಾಸ್ತರೆಲ್ಲ ಶಿವಮೊಗ್ಗೆಯ ಹಿಂದಿ ತರಗತಿಗೆ ಮೂವತ್ತಾರು ದಿನ ಹೋಗಬೇಕು, ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ. ಒಂದು ದಿನ ತಪ್ಪಿದರೂ ಸರ್ಟಿಫಿಕೇಟ್ ಇಲ್ಲ. ಸರ್ಟಿಫಿಕೇಟ್ ಇಲ್ಲದವನಿಗೆ ಹೊರಜಿಲ್ಲೆಗೆ ವರ್ಗ.

ಅವನ ಹೆಂಡತಿ ಪದ್ಮಮ್ಮನಿಗೆ ಆಗ ಏಳು ತಿಂಗಳು. ಹೆರಿಗೆಯ ಹೊತ್ತಿಗೆ ತಾನು ಇನ್ಯಾವುದೋ ಊರಿನಲ್ಲಿದ್ದರೆ ಗತಿಯೇನು ಎಂಬ ಭಯಕ್ಕೆ ಮುರುಗೇಶಪ್ಪ ಮೂವತ್ತೈದು ದಿನ ಒಂದೂ ತಪ್ಪಿಸದೆ ಹೋದ. ಜ್ವರ ಬಂದಾಗ ಕಂಬಳಿ ಹೊದ್ದು ಹೋದ. ಸ್ವಂತ ತಂಗಿಯ ಮದುವೆಯಲ್ಲಿ ಕೈಯಲ್ಲಿದ್ದ ಅಕ್ಷತೆಯನ್ನು ಪಕ್ಕದವರಿಗೆ ವಹಿಸಿ ರೈಲಿಗೆ ಓಡಿದ. ನಸುಕಿನಲ್ಲೇ ಎದ್ದು ಹೀಗೆ ಓಡುವವನಿಗೆ ಬೆಂಚಿನ ಮೇಲೆ ಕೂತೊಡನೆ ನಿದ್ದೆ ಬರುತ್ತಿತ್ತು. ಹಾಗಾಗಿ ಹಾಜರಿ ಕೂಗಿದಾಗ ಹೇಳುವ ‘ಉಪಸ್ಥಿತ್’ ಒಂದನ್ನು ಬಿಟ್ಟರೆ ಹಿಂದಿ ಅವನ ತಲೆಗೆ ಇಳಿದಿರಲಿಲ್ಲ. ಇಳಿಯಬೇಕೆಂದು ಆಜ್ಞೆಯಲ್ಲೂ ಬರೆದಿರಲಿಲ್ಲ.

ಇನ್ನು ನಮ್ಮ ಕಡೆ, ಶಿವಮೊಗ್ಗೆಗೆ ಹೊರಟವನು ಬರಿಗೈಯಲ್ಲಿ ಹೋಗುವುದನ್ನು ಕೇರಿಯವರು ಸಹಿಸುವುದಿಲ್ಲ. ಉಪ್ಪಿನಕಾಯಿ ಭರಣಿ, ಹೊಲಿದ ರವಿಕೆ, ಕೋಡುಬಳೆ ಡಬ್ಬಿ, ಒಮ್ಮೆ ಒಂದು ಬೆಕ್ಕಿನ ಮರಿ ಕೂಡ ಮುರುಗೇಶಪ್ಪನ ಕೈಲಿ ಶಿವಮೊಗ್ಗೆ ಸೇರಿದ್ದವು. ಕೊನೆಯ ದಿನ ಅವನು ಹೊಸಿಲು ದಾಟುವಾಗ ಪಕ್ಕದ ಮನೆಯ ಶಂಕರಮ್ಮ ಅಡ್ಡ ನಿಂತರು. ಅವರ ಸೊಂಟದ ಮೇಲೆ ಕೈಗೂಸಿನಂತೆ ಒಂದು ಹಲಸಿನ ಹಣ್ಣು ಕೂತಿತ್ತು.

“ಮುರುಗೇಶಣ್ಣ, ನಾಳೆಯಿಂದ ನೀನು ಹೋಗಲ್ವಂತೆ. ಇನ್ನು ಯಾರ ಕೈಲಿ ಕಳಿಸ್ಲಿ ಹೇಳು? ನನ್ನ ಮಗಳಿಗೆ ಹಲಸು ಅಂದ್ರೆ ಪ್ರಾಣ.”

“ಶಂಕರಮ್ಮಾರೇ, ರೈಲಿಗೆ ಹೊತ್ತಾಯ್ತು...”

“ಹೊತ್ತಾದ್ರೆ ಬೇಗ ಎತ್ಕೊ ಮಾರಾಯ, ನಿಂತು ಮಾತಾಡ್ತೀಯಲ್ಲ!”

ಎತ್ತಿಕೊಂಡ. ಹಲಸಿನ ಹಣ್ಣು ಹೊತ್ತು ಓಡುವುದು ಯಾವ ಗುಮಾಸ್ತನಿಗೂ ಸಾಧ್ಯವಿಲ್ಲ. ಅವನು ಸ್ಟೇಷನ್ ಸೇರಿದಾಗ ರೈಲು ಆಗಲೇ ಚಲಿಸುತ್ತಿತ್ತು. ಶಿವಮೊಗ್ಗೆಯ ಅಡಿಕೆ ಮಂಡಿಯೊಂದರಲ್ಲಿ ಕೆಲಸಕ್ಕಿದ್ದ ಅದೇ ಕೇರಿಯ ಜಯಪ್ಪ ಬಾಗಿಲಲ್ಲಿ ನಿಂತಿದ್ದ.

“ಜಯಪ್ಪಾ! ಹಿಂದಿ ಕ್ಲಾಸಿನ ಓಂಕಾರಪ್ಪ ಮೇಷ್ಟ್ರಿಗೆ ಹೇಳು, ನಾನು ಬಸ್ಸಲ್ಲಿ ಬರ್ತಾ ಇದೀನಿ ಅಂತ!”

“ನೀನು ನಿಶ್ಚಿಂತೆಯಾಗಿರು ಮಾರಾಯ, ನಾನಿಲ್ವಾ?”

ಲೋಕದ ಅರ್ಧ ಕಷ್ಟ ಹೀಗೆ ಹೇಳುವವರಿಂದಲೇ ಬರುವುದು. ಆದರೆ ಮುರುಗೇಶಪ್ಪನಿಗೆ ಆಗ ಆ ಮಾತು ಅಮೃತದಂತೆ ಕೇಳಿತು.

ಬಸ್ಸು ಮಾಚೇನಹಳ್ಳಿಯ ಹತ್ತಿರ ಪಂಕ್ಚರಾಯಿತು. ಸ್ಟೆಪ್ನಿ ಟೈರು ಹಿಂದಿನ ದಿನವೇ ಪಂಕ್ಚರಾಗಿತ್ತು. ಪ್ರಯಾಣಿಕರು ಇಳಿದು ಡ್ರೈವರಿಗೆ ಬುದ್ಧಿ ಹೇಳುತ್ತ ನಿಂತರೆ, ಮುರುಗೇಶಪ್ಪ ರಸ್ತೆ ನಡುವೆ ನಿಂತು ಒಂದು ಇದ್ದಿಲಿನ ಲಾರಿಗೆ ಕೈ ಅಡ್ಡ ಹಿಡಿದ.

“ಮುಂದೆ ಜಾಗ ಇಲ್ಲೆ ಸಾರ್, ಮೇಲೆ ಏರಿ,” ಎಂದ ತಮಿಳು ಡ್ರೈವರು.

ಏರಿದ. ಒಂಬತ್ತೂವರೆಗೆ ಶಾಲೆಯ ಮುಂದೆ ಇಳಿದಾಗ ಅವನ ಬಿಳಿ ಅಂಗಿ, ಮುಖ, ಕಿವಿ ಎಲ್ಲ ಒಂದೇ ಬಣ್ಣವಾಗಿದ್ದವು. ಹಣ್ಣು ಮಾತ್ರ ಗುರುತು ಸಿಗುವಂತಿತ್ತು.

ಕಿಟಕಿಯಲ್ಲಿ ಇಣುಕಿ ನೋಡಿದ. ಬೆಂಗಳೂರಿನಿಂದ ದೊಡ್ಡ ಸಾಹೇಬರು ತಪಾಸಣೆಗೆ ಬಂದಿದ್ದರು. ಅವರು ಬಂದದ್ದೂ ತಡವಾಗಿ; ಆಗಷ್ಟೇ ತಾವೇ ಹಾಜರಿ ಕೂಗುತ್ತಿದ್ದರು.

“ಮುರುಗೇಶಪ್ಪ!”

“ಉಪಸ್ಥಿತ್!” ಎಂದು ಅವನ ಬೆಂಚಿನಿಂದಲೇ ಉತ್ತರ ಬಂತು. ಅಲ್ಲಿ ಜಯಪ್ಪ ಕೂತಿದ್ದ. ಸಾಹೇಬರ ಮುಂದೆ ತಮ್ಮ ತರಗತಿಯ ಮಾನ ಉಳಿದರೆ ಸಾಕೆಂದಿದ್ದ ಓಂಕಾರಪ್ಪ ಮೇಷ್ಟ್ರು ಹೆಂಚು ಎಣಿಸುವವರಂತೆ ಮೇಲೆ ನೋಡುತ್ತಿದ್ದರು. ಮುರುಗೇಶಪ್ಪನಿಗೆ ಜಯಪ್ಪನನ್ನು ಓಡಿ ಹೋಗಿ ತಬ್ಬಿಕೊಳ್ಳಬೇಕೆನಿಸಿತು. ಮೂವತ್ತಾರಕ್ಕೆ ಮೂವತ್ತಾರು! ಪದ್ಮಮ್ಮನ ಹೆರಿಗೆಗೆ ತಾನು ಊರಲ್ಲೇ ಇರುತ್ತೇನೆ!

ರಿಜಿಸ್ಟರಿಗೆ ಸಹಿ ಹಾಕಿ ಸಾಹೇಬರು ಹಿಂದಿಯಲ್ಲಿ ಒಂದು ಪ್ರಶ್ನೆ ಕೇಳಿದರು. ಗುಮಾಸ್ತರೆಲ್ಲ ಬೆಂಚಿನ ಕೆಳಗೆ ಏನೋ ಹುಡುಕತೊಡಗಿದರು. ಜಯಪ್ಪ ಒಬ್ಬನೇ ಎದ್ದ. ಎಂಟು ವರ್ಷ ನಾಗಪುರದ ಬಜಾರಿನಲ್ಲಿ ಅಡಿಕೆ ಮಾರಿದ ನಾಲಿಗೆ ಅದು. ಸುಮ್ಮನಿರು ಎಂದರೆ ಇದ್ದೀತೇ? ತುಂಗೆಯ ನೀರು, ಮಂಡಿಯ ವ್ಯವಹಾರ, ಓಂಕಾರಪ್ಪ ಮೇಷ್ಟ್ರ ಪಾಠದ ಸೊಗಸು ಎಲ್ಲವನ್ನೂ ಕಾಲು ಗಂಟೆ ಹಿಂದಿಯಲ್ಲಿ ಬಣ್ಣಿಸಿದ. ಸಾಹೇಬರ ಕಣ್ಣಲ್ಲಿ ನೀರಾಡಿತು.

ಅಷ್ಟರಲ್ಲಿ ಅವರ ದೃಷ್ಟಿ ಕಿಟಕಿಯತ್ತ ಹೊರಳಿತು.

“ಓಹೋ, ಹಲಸಿನವನು! ಒಳಗೆ ತಾರಯ್ಯ. ಇಂಥ ಶಿಷ್ಯರಿಗೆ ಬಾಯಿ ಸಿಹಿ ಮಾಡೋಣ.”

ಜಯಪ್ಪ ಕಣ್ಣು ಹೊಡೆದ. ಇನ್ನೇನು ದಾರಿ? ಮುರುಗೇಶಪ್ಪ ಒಳಗೆ ಹೋಗಿ, ಕೈಗೆ ಎಣ್ಣೆ ಸವರಿಕೊಂಡು, ಶಂಕರಮ್ಮನ ಮಗಳ ಪ್ರಾಣವನ್ನು ಜವಾನನ ಕತ್ತಿಯಿಂದ ಎರಡು ಹೋಳು ಮಾಡಿದ. ತೊಳೆ ಬಿಡಿಸಿ ಎಲ್ಲರಿಗೂ ಹಂಚಿದ. ಹಾಜರಿ ಬಿದ್ದವನಿಗೆ ಹಲಸಿನವನಾಗುವುದು ಯಾವ ಲೆಕ್ಕ ಎಂದು ಒಳಗೊಳಗೇ ಹಿಗ್ಗುತ್ತಿದ್ದ.

ಸಾಹೇಬರು ಕೈ ಒರೆಸಿಕೊಂಡು ಎದ್ದರು. “ಬೀದರಿನ ಕಚೇರಿಗೆ ಹಿಂದಿ ಬಲ್ಲ ಗುಮಾಸ್ತ ಬೇಕು ಅಂತ ಎರಡು ತಿಂಗಳಿಂದ ಹುಡುಕ್ತಾ ಇದ್ದೆ. ಇವತ್ತು ಸಿಕ್ಕ. ಮುರುಗೇಶಪ್ಪ, ಸೋಮವಾರ ಬೀದರಿನಲ್ಲಿ ಡ್ಯೂಟಿಗೆ ಸೇರ್ಕೊಳ್ಳಿ.”

ಜಯಪ್ಪನ ಬಾಯಲ್ಲಿದ್ದ ತೊಳೆ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

“ಸಾರ್, ಹಾಜರಿ ತಪ್ಪಿಸಿದ ನಾಲ್ಕು ಜನ ಇದಾರೆ,” ಎಂದರು ಓಂಕಾರಪ್ಪ ಮೇಷ್ಟ್ರು. “ಅವರನ್ನ ಎಲ್ಲಿಗೆ ಹಾಕೋದು?”

“ಹಿಂದಿ ಬಾರದವರನ್ನ ಯಾವ ಜಿಲ್ಲೆಯವರೂ ಬೇಡ ಅಂತಾರೆ ಮೇಷ್ಟ್ರೇ. ಇದ್ದಲ್ಲೇ ಬಿದ್ದಿರ್ಲಿ.”

ಮುರುಗೇಶಪ್ಪನ ಕೈಯಿಂದ ಕತ್ತಿ ಜಾರಿತು. “ಸ್ವಾಮೀ! ಮುರುಗೇಶಪ್ಪ ನಾನು! ಇವತ್ತು ನಾನು ಕ್ಲಾಸಿಗೆ ಬಂದೇ ಇಲ್ಲ! ದಯವಿಟ್ಟು ಆಬ್ಸೆಂಟ್ ಹಾಕಿ ಸ್ವಾಮೀ!”

ಸಾಹೇಬರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಮೇಷ್ಟ್ರ ಕಡೆ ತಿರುಗಿದರು. “ಯಾರ್ರೀ ಇವನು?”

“ಹಲಸಿನವನು ಸಾರ್. ಬಿಸಿಲಿಗೆ ತಲೆ ತಿರುಗಿರ್ಬೇಕು, ಪಾಪ,” ಎಂದ ಓಂಕಾರಪ್ಪ ಮೇಷ್ಟ್ರು ಮುರುಗೇಶಪ್ಪನ ರಟ್ಟೆ ಹಿಡಿದು ಜಗುಲಿಗೆ ಕರೆತಂದರು.

“ಮೇಷ್ಟ್ರೇ, ನೀವಾದ್ರೂ ನಿಜ ಹೇಳಿ! ನಾನು ಬಂದಿರ್ಲಿಲ್ಲ ಅಂತ ಹೇಳಿ!”

“ರಿಜಿಸ್ಟರಿಗೆ ಸಾಹೇಬ್ರ ಸಹಿ ಬಿದ್ದಾಯ್ತು ಮಾರಾಯ,” ಮೇಷ್ಟ್ರು ಮೆಲ್ಲಗೆ ಅವನ ಬೆನ್ನು ತಟ್ಟಿದರು. “ಇನ್ನು ನೀನು ಬಂದಿಲ್ಲ ಅಂತ ಹೇಳೋಕೆ ನಿನಗೂ ಅಧಿಕಾರ ಇಲ್ಲ.”