ಮುಚ್ಚಳ ತೆಗೆಯದ ತೊಂಬತ್ತೊಂಬತ್ತು ಬಾಟಲಿ

ನಗಬಾರದ ಜಾಗದಲ್ಲಿ ನಗು ಬರಿಸುವಂಥದ್ದೇ ನನ್ನ ಪಾಲಿಗೆ ಯಾವಾಗಲೂ ನಡೆಯುತ್ತಿರುತ್ತದೆ. ತಿಥಿ ಊಟದ ಪಂಕ್ತಿಯಲ್ಲಿ ನಕ್ಕು ಬೈಸಿಕೊಂಡವನು ನಾನು. ಹೋದ ವರ್ಷ ನನ್ನ ಪಾರ್ಟ್ನರ್ ಸತ್ತ ಮೇಲೂ ಈ ಚಾಳಿ ಬಿಟ್ಟಿಲ್ಲ, ಯಾಕೆಂದರೆ ಈಗಲೂ ನಗಿಸುವವನು ಅವನೇ.

ಕಡೂರಿನಲ್ಲಿ ನಾವಿಬ್ಬರೂ ಸೇರಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದೆವು. ಅವನು ದಿನಾ ಅಜ್ಜಂಪುರದಿಂದ ರೈಲಿನಲ್ಲಿ ಬರುತ್ತಿದ್ದ. ಮಧ್ಯಾಹ್ನ ಕ್ಲಾಸ್ ಇಲ್ಲದ ಹೊತ್ತಿನಲ್ಲಿ ಇಬ್ಬರೂ ಕೂತು ಒಂದೇ ಆಟ ಆಡುತ್ತಿದ್ದೆವು. ನಾಲ್ಕು ಜನರ ತಂಡ ಕಟ್ಟಿಕೊಂಡು, ಊರೂರು ಅಲೆದು, ಕೊನೆಗೆ ಕೋಟೆಯೊಳಗಿನ ರಾಕ್ಷಸನನ್ನು ಕೊಲ್ಲುವ ಆಟ. ವರ್ಷಗಟ್ಟಲೆ ಆಡಿದರೂ ನಾವು ಅದನ್ನು ಮುಗಿಸಲಿಲ್ಲ.

ಹೆಣ್ಣು ನೋಡಿ ಬಂದ ವಾರ

ಆಟದ ಶುರುವಿಗೆ ತಂಡದವರಿಗೆ ಹೆಸರಿಡಬೇಕು. ಮುಂದೆ ನಿಂತು ಕಾದುವ ವೀರನಿಗೆ ಪಾರ್ಟ್ನರ್ ತನ್ನ ಹೆಸರನ್ನೇ ಇಟ್ಟ. ಗಾಯ ವಾಸಿ ಮಾಡುವ ಒಬ್ಬಳು ವೈದ್ಯೆ ಇದ್ದಳು. ಅದೇ ವಾರ ಅವನು ತರೀಕೆರೆಯಲ್ಲಿ ಹೆಣ್ಣು ನೋಡಿ ಒಪ್ಪಿ ಬಂದಿದ್ದ. ನಾಚಿಕೊಂಡು ಆ ಹುಡುಗಿಯ ಹೆಸರನ್ನು ಇವಳಿಗಿಟ್ಟ.

ಮೊದಲನೇ ಹೊಡೆದಾಟದಲ್ಲೇ ವೈದ್ಯೆ ಸತ್ತಳು. ಪಾರ್ಟ್ನರ್ ಮುಖ ಬಿಳಿಚಿಕೊಂಡಿತು. ಮಾರನೇ ದಿನ ಏನೋ ನೆಪ ಹೇಳಿ ತರೀಕೆರೆಗೆ ಹೋಗಿ, ಹುಡುಗಿ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿರುವುದನ್ನು ದೂರದಿಂದಲೇ ನೋಡಿಕೊಂಡು ಬಂದ. ಆಮೇಲೆ ಆಟ ಮೊದಲಿನಿಂದ ಶುರು ಮಾಡಿದ, ಅವಳನ್ನು ಮಾತ್ರ ಯಾವತ್ತೂ ಮುಂದಕ್ಕೆ ಬಿಡಲಿಲ್ಲ. ಎಲ್ಲರ ಹಿಂದೆ ನಿಲ್ಲಿಸಿ, ಕೈ ಕಟ್ಟಿ ಕೂರಿಸಿದ. ಹೀಗೆ ನಮ್ಮ ತಂಡದಲ್ಲಿ ವೈದ್ಯೆ ಇದ್ದೂ ಯಾರ ಗಾಯವೂ ವಾಸಿಯಾಗುತ್ತಿರಲಿಲ್ಲ.

ಆಯುಧಪೂಜೆ

ಆಯುಧಪೂಜೆಯ ದಿನ ಎಲ್ಲ ಕಂಪ್ಯೂಟರಿಗೂ ವಿಭೂತಿ, ಕುಂಕುಮ ಹಚ್ಚಿ, ಬಾಗಿಲಲ್ಲಿ ಕುಂಬಳಕಾಯಿ ಒಡೆದೆವು. ಅಷ್ಟಕ್ಕೆ ಪಾರ್ಟ್ನರ್‌ಗೆ ಸಮಾಧಾನವಾಗಲಿಲ್ಲ. ಆಟದೊಳಗಿರುವವೂ ಆಯುಧಗಳೇ ತಾನೇ ಎಂದು, ತಂಡದವರ ಕತ್ತಿ, ಗುರಾಣಿ, ಬಿಲ್ಲು ಎಲ್ಲವನ್ನೂ ಕೈಯಿಂದ ಬಿಡಿಸಿ ಚೀಲಕ್ಕೆ ಹಾಕಿದ. ಪೂಜೆಗಿಟ್ಟ ಆಯುಧ ಆವತ್ತು ಎತ್ತಬಾರದಂತೆ. ನಾನು ಬೈದರೆ, ನಿನಗೆ ದೇವರು ದಿಂಡರು ಏನೂ ಇಲ್ಲ ಎಂದು ನನಗೇ ತಿರುಗಿ ಬೈದ.

ಹಬ್ಬ ಮುಗಿಸಿ ಬಂದವನು ಆಯುಧ ವಾಪಸ್ ಕೊಡುವುದನ್ನೇ ಮರೆತ. ವೀರ ಬರಿಗೈಯಲ್ಲಿ ಕಾಡಿಗೆ ಹೋದ. ಹಿಂದೆ ಮೂರು ತಲೆಯ ಸರ್ಪವನ್ನು ಸೀಳಿದ್ದವನು ಒಂದು ಬಸವನಹುಳುವಿನ ಕೈಯಲ್ಲಿ ಸತ್ತ. ಅಲ್ಲಿಯವರೆಗಿನ ಆಟ ಸೇವ್ ಮಾಡಿ ಉಳಿಸಿಕೊಂಡಿರಲಿಲ್ಲವಾದ್ದರಿಂದ ಮೂರು ವಾರದ ಶ್ರಮ ನೀರಿನಲ್ಲಿ ಹೋಮವಾಯಿತು. ಆವತ್ತು ಪಾರ್ಟ್ನರ್ ಊಟ ಮಾಡಲಿಲ್ಲ. ಅವನ ಡಬ್ಬಿಯನ್ನೂ ನಾನೇ ಖಾಲಿ ಮಾಡಿದೆ.

ಬಿಸ್ಕತ್ ಡಬ್ಬ

ಆಟದಲ್ಲಿ ಕೆಂಪು ಔಷಧಿಯ ಬಾಟಲಿಗಳು ಸಿಗುತ್ತವೆ. ಕುಡಿದರೆ ಹೋಗುವ ಜೀವ ಮರಳುತ್ತದೆ. ಪಾರ್ಟ್ನರ್ ಅವನ್ನು ಹೆಕ್ಕಿ ಹೆಕ್ಕಿ ಚೀಲ ತುಂಬಿಸುತ್ತಿದ್ದ, ಕುಡಿಸುತ್ತಿರಲಿಲ್ಲ. ವೀರ ಕುಂಟುತ್ತಾ ರಕ್ತ ಸುರಿಸಿಕೊಂಡು ನಡೆಯುತ್ತಿದ್ದರೂ, "ಈಗ್ಲೇ ಯಾಕೋ, ಮುಂದೆ ಜಾಸ್ತಿ ಆದಾಗ ಬೇಕಾಗ್ತದೆ" ಅನ್ನುತ್ತಿದ್ದ.

ಕ್ಲಾಸ್ ಮುಚ್ಚಿದಾಗ ಆಟವಿದ್ದ ಕಂಪ್ಯೂಟರನ್ನು ಅವನು ಅಜ್ಜಂಪುರಕ್ಕೆ ಒಯ್ದ. ಕೆಲವು ವರ್ಷಕ್ಕೆ ಸಕ್ಕರೆ ಕಾಯಿಲೆ ಬಂತು. ಡಾಕ್ಟರು ಮಾತ್ರೆ ಬರೆದುಕೊಟ್ಟರು. ಫೋನಿನಲ್ಲಿ ಕೇಳಿದರೆ, ದಿನ ಬಿಟ್ಟು ದಿನ ನುಂಗುತ್ತೇನೆ, ಉಳಿದದ್ದು ಎತ್ತಿಡುತ್ತೇನೆ, ಜಾಸ್ತಿಯಾದಾಗ ಬೇಕಾಗುತ್ತದೆ ಎಂದ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆ ನಗುವಿಗೆ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ. ಕಿಡ್ನಿ ಕೈಕೊಟ್ಟು ಅವನು ಹೋದ ಮೇಲೆ, ಬೀರುವಿನಲ್ಲಿ ಒಂದು ಬಿಸ್ಕತ್ ಡಬ್ಬದ ತುಂಬ ಮಾತ್ರೆ ಸಿಕ್ಕಿತು. ಎಲ್ಲವೂ ಒಡೆಯದ ಹಾಳೆಗಳು, ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್ ಬೇರೆ.

ಕೋಟೆ ಬಾಗಿಲು

ಹೋದ ತಿಂಗಳು ಅವನ ಹೆಂಡತಿ, ಅದೇ ತರೀಕೆರೆ ಹುಡುಗಿ, ಫೋನ್ ಮಾಡಿದಳು. "ಅಣ್ಣಾ, ಆ ಕಂಪ್ಯೂಟರು ಗುಜರಿಗೆ ಹಾಕಾಕೆ ಮನ್ಸು ಬರ್ತಿಲ್ಲ, ಇಟ್ಕಂಡು ನೋಡಾಕೂ ಆಗ್ತಿಲ್ಲ. ಕೊನೇವರ್ಗೂ ಅದ್ರಲ್ಲಿ ಏನ್ ಮಾಡ್ತಿದ್ರು ಅಂತ ಒಂದ್ಸಲ ತೋರ್ಸಿ ತಗಂಡೋಗಿ" ಎಂದಳು.

ಹೋದೆ. ಧೂಳು ಕೊಡವಿ ಗುಂಡಿ ಒತ್ತಿದರೆ, ಮುದಿ ಯಂತ್ರ ಕೆಮ್ಮಿಕೊಂಡು ಎದ್ದಿತು. ಎಷ್ಟೋ ವರ್ಷದ ಮೇಲೆ ಅದೇ ಸಂಗೀತ ಕೇಳಿಸಿತು. ಪಾರ್ಟ್ನರ್ ಉಳಿಸಿಟ್ಟ ಆಟ ತೆರೆದೆ. ನಾಲ್ವರೂ ರಾಕ್ಷಸನ ಕೋಟೆಯ ಬಾಗಿಲಲ್ಲೇ ನಿಂತಿದ್ದರು. ವೀರನಿಗೆ ಒಂದೇ ಒಂದು ಹನಿ ಜೀವ ಉಳಿದಿತ್ತು. ಚೀಲದಲ್ಲಿ ಕೆಂಪು ಬಾಟಲಿ ತೊಂಬತ್ತೊಂಬತ್ತು, ಅದಕ್ಕಿಂತ ಹೆಚ್ಚು ಹಿಡಿಸುವುದಿಲ್ಲ.

ಅವಳು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, ಹಿಂದೆ ನಿಂತಿರೋಳು ಯಾರು ಎಂದಳು.

"ನೀನೇ ಕಣಮ್ಮ. ಮುಂದೆ ನಿಂತಿರೋ ವೀರ ನಿನ್ ಗಂಡ. ಗಾಯ ವಾಸಿ ಮಾಡೋದು ನಿನ್ ಕೆಲ್ಸ. ಅವ್ನು ಮಾಡೋಕೆ ಬಿಡ್ಲಿಲ್ಲ."

"ಇಲ್ಲೂ ಬಿಡ್ಲಿಲ್ವಾ ಹಂಗಾದ್ರೆ" ಎಂದಳು.

ನಾನು ಗಾಬರಿಯಲ್ಲಿ ಹಾಗೇ ಬಾಗಿಲು ತಳ್ಳಿ ನಾಲ್ವರನ್ನೂ ಒಳಗೆ ನುಗ್ಗಿಸಿದೆ. ರಾಕ್ಷಸ ಒಂದು ಸಲ ಕೈ ಬೀಸಿದ. ವೀರ ಬಿದ್ದ. ಅವನ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಬಿದ್ದರು. ಪರದೆ ಕಪ್ಪಾಯಿತು. ಗಂಡನನ್ನು ಎರಡನೇ ಸಲ ಸಾಯಿಸಿ ತೋರಿಸಿದ ಹಾಗಾಯಿತಲ್ಲ ಎಂದು ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಮತ್ತೆ ಸಂಗೀತ ಶುರುವಾಗಿ, ನಾಲ್ವರೂ ಮೊದಲಿನಂತೆ ಬಾಗಿಲ ಹೊರಗೆ ನಿಂತರು.

"ಮತ್ತೆ ಎದ್ರಾ ಇವ್ರು?" ಎಂದಳು.

ಉಳಿಸಿಟ್ಟ ಜಾಗದಿಂದ ಎಷ್ಟು ಸಲ ಬೇಕಾದರೂ ಏಳುತ್ತಾನೆ ಎಂದು ವಿವರಿಸಿದೆ. ಅವಳು ಪರದೆಯಲ್ಲಿ ಆ ಒಂದು ಹನಿಯ ಮೇಲೆ ಬೆರಳಿಟ್ಟಳು.

"ಈ ಸಲ ಮೊದ್ಲು ಔಷ್ದಿ ಕುಡ್ಸಿ ಅಣ್ಣಾ. ಬ್ಯಾಡ ಅಂದ್ರೂ ಕೇಳ್ಬ್ಯಾಡಿ."

ಕುಡಿಸಿದೆ. ಜೀವದ ಪಟ್ಟಿ ಅರ್ಧ ತುಂಬಿತು. ಇನ್ನೊಂದು ಎಂದಳು. ಪೂರ್ತಿ ತುಂಬಿತು. ಇನ್ನೊಂದು ಎಂದಳು. ಸಾಕಮ್ಮಾ, ಇನ್ನು ಕುಡಿದರೂ ವ್ಯರ್ಥ ಎಂದೆ. ವ್ಯರ್ಥ ಆಗಲಿ ಎಂದಳು. ಹಾಗೆ ಹತ್ತು ಬಾಟಲಿ ಕುಡಿಸಿದೆವು, ಅವಳು ಕಣ್ಣೊರೆಸಿಕೊಂಡು ನಗುತ್ತಲೇ ಎಣಿಸಿದಳು. ನನಗೂ ನಗು ತಡೆಯಲಾಗಲಿಲ್ಲ. ಈಗ ಧೈರ್ಯವಾಗಿ ಒಳಗೆ ಹೋಗೋಣವೇ, ಈ ಸಲ ಗೆಲ್ಲುತ್ತಾನೆ ಎಂದೆ.

"ಒಳಗ್ಯಾಕೆ? ಹುಷಾರಾದ್ರಲ್ಲ. ಮನೀಗೆ ಕರ್ಕಂಬನ್ನಿ."

ಆಟದಲ್ಲಿ ಕೋಟೆಯಿಂದ ವೀರನ ಊರಿಗೆ ಎರಡು ಗಂಟೆಯ ದಾರಿ. ವೈದ್ಯೆಯನ್ನು ಮುಂದಕ್ಕೆ ನಿಲ್ಲಿಸಿ ನಡೆಸಿಕೊಂಡು ಬಂದೆ. ಅವನ ಮನೆಯ ಬಾಗಿಲಲ್ಲಿ ನಿಲ್ಲಿಸಿ, ಆಟ ಅಲ್ಲಿಗೇ ಉಳಿಸಿ, ಕಂಪ್ಯೂಟರನ್ನು ಅವಳ ಹತ್ತಿರವೇ ಬಿಟ್ಟು ಬರಿಗೈಯಲ್ಲಿ ಹೊರಟೆ. ಅಷ್ಟೊತ್ತಿಗೆ ನನ್ನ ಕಡೂರಿನ ರೈಲು ಹೋಗಿತ್ತು. ರಾಕ್ಷಸ ಇನ್ನೂ ಕೋಟೆಯೊಳಗೆ ನಮ್ಮನ್ನು ಕಾಯುತ್ತಾ ಕೂತಿದ್ದಾನೆ. ಕಾಯಲಿ.