ನಂಬಿಕಸ್ತ ನಾಲಿಗೆಗಳು

ಇಷ್ಟಪಟ್ಟು ಸೇರಿಕೊಂಡ ಗುಂಪುಗಳಲ್ಲೇ ಮನಸ್ತಾಪ ಜಾಸ್ತಿ. ಅಪಾರ್ಟ್‌ಮೆಂಟಿನ ಗ್ರೂಪಿನಲ್ಲಿ ಪಾರ್ಕಿಂಗ್‌ಗೆ ಜಗಳವಾಡಿದವರು ಮಾರನೆಯ ದಿನ ಲಿಫ್ಟಿನಲ್ಲಿ ಎದುರಾಗುತ್ತಾರೆ, ಮುಖ ನೋಡಿ ನಗಲೇಬೇಕು. ಟೀ ಬಗ್ಗೆ ಮಾತಾಡಲು ಸೇರಿದವರಿಗೆ ಆ ಕಷ್ಟವಿಲ್ಲ. ನಮ್ಮ ಟೀ ಗ್ರೂಪಿನಲ್ಲಿ ಏನಾದರೊಂದು ಆಗುತ್ತಲೇ ಇತ್ತು. ಒಂದು ಬೇಸಿಗೆಯಲ್ಲಿ ಆದದ್ದನ್ನಷ್ಟೇ ಬರೆಯುತ್ತೇನೆ. ಓದಿದವರಿಗೆ ನಗು ಬರಬಹುದು. ನನಗೆ ಅರ್ಧ ಬರುತ್ತದೆ.

ಟೀ ವಾಸನೆ

ಗ್ರೂಪು ಕಟ್ಟಿದವರು ಅಲ್ಲಾಳಸಂದ್ರದ ಒಬ್ಬ ನಿವೃತ್ತ ಅಧಿಕಾರಿ. ಎಲ್ಲರಿಗೂ ಅವರು ಅಡ್ಮಿನ್ ಸರ್. ಸದಸ್ಯರಲ್ಲಿ ಹೆಚ್ಚಿನವರು ಯಲಹಂಕದ ಸುತ್ತಮುತ್ತಲಿನವರು. ನಾನು ಬಿ.ಎಸ್ಸಿ. ಮುಗಿಸಿ ಮಾತ್ರೆ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಅಷ್ಟಕ್ಕೇ ನನ್ನನ್ನು ‘ಸೈಂಟಿಸ್ಟ್ ಮೇಡಂ’ ಎನ್ನುತ್ತಿದ್ದರು. ಗೌರವದಿಂದ ಅಲ್ಲ.

ನಿಯಮಗಳು ಕಟ್ಟುನಿಟ್ಟು. ಹಾಲು ಹಾಕಬಾರದು. ಸಕ್ಕರೆ ಹಾಕಬಾರದು. ಹೊಸ ಪೊಟ್ಟಣ ಬಂದರೆ ಅದು ಮುಗಿಯುವ ತನಕ ಬೇರೆ ಟೀ ಮುಟ್ಟಬಾರದು, ನಾಲಿಗೆ ಕೆಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಫಿಲ್ಟರ್ ನೀರು ಬಳಸಬಾರದು. "ಅದು ಸತ್ತ ನೀರಮ್ಮ. ಸತ್ತ ನೀರಲ್ಲಿ ಟೀ ಅರಳಲ್ಲ," ಎನ್ನುತ್ತಿದ್ದರು ಅಡ್ಮಿನ್ ಸರ್. ನಲ್ಲಿ ನೀರನ್ನೇ ಕುದಿಸಬೇಕು.

ಕುಡಿದ ಮೇಲೆ ರುಚಿಯ ವರದಿ ಬರೆಯಬೇಕು. ಚೆನ್ನಾಗಿ ಬರೆಯುವವರಿಗೆ ಅಡ್ಮಿನ್ ಸರ್ ‘ನಂಬಿಕಸ್ತ ನಾಲಿಗೆ’ ಎಂಬ ಬಿರುದು ಕೊಡುತ್ತಿದ್ದರು. ಅಂಥವರ ವರದಿಗಳಲ್ಲಿ ಒದ್ದೆ ಮಣ್ಣು, ಒಣದ್ರಾಕ್ಷಿ, ಹಳೆಯ ಮರದ ಪೆಟ್ಟಿಗೆ ಎಲ್ಲ ಬರುತ್ತಿದ್ದವು.

ರಾಜಾನುಕುಂಟೆಯ ಯಜಮಾನರೊಬ್ಬರು ಹೊಸದಾಗಿ ಸೇರಿದರು. ತಮ್ಮ ಹೊಲದಲ್ಲಿ ಲೇಔಟ್ ಮಾಡಿ ಈಗ ಬಿಡುವಾಗಿರುವವರು. ಕೆಟಲ್ ತರಿಸಿದ್ದರು, ಗಾಜಿನ ಲೋಟ ತರಿಸಿದ್ದರು. ಮೊದಲ ವರದಿಯನ್ನು ವಾಯ್ಸ್ ಮೆಸೇಜಿನಲ್ಲಿ ಕಳಿಸಿದರು. "ಟೀ ವಾಸ್ನೆ ಬತ್ತಾ ಐತೆ."

"ಯಜಮಾನ್ರೇ, ಇದು ವರದಿ ಅಲ್ಲ," ಅಂದರು ಅಡ್ಮಿನ್ ಸರ್. "ಇನ್ನೊಂದು ಸಲ ಮೂಸಿ ನೋಡಿ. ಒಣದ್ರಾಕ್ಷಿ ಬರ್ತಿಲ್ವಾ?"

ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮೆಸೇಜು ಬಂತು. "ಇಲ್ಲ ಸಾರ್, ಟೀನೇ ಬತ್ತಾ ಐತೆ. ಟೀಲಿ ಟೀ ವಾಸ್ನೆ ಬಂದ್ರೆ ತಪ್ಪಾ?"

ಅವರಿಗೆ ಬಿರುದು ಸಿಗಲಿಲ್ಲ.

ಭಾಯಿ ಕ್ಷಮೆ ಕೇಳಿದ್ದು

ಗ್ರೂಪಿನಲ್ಲಿ ಟೀ ಮಾರಲು ಒಬ್ಬರಿಗೆ ಮಾತ್ರ ಅನುಮತಿಯಿತ್ತು. ಆರ್.ಟಿ. ನಗರದ ಭಾಯಿ. ಗಾರ್ಮೆಂಟ್ಸ್ ಕಂಪನಿಯೊಂದರಲ್ಲಿ ಮ್ಯಾನೇಜರ್ ಆಗಿದ್ದವರು. ಕಂಪನಿ ಮುಚ್ಚಿದ ಮೇಲೆ ನೀಲಗಿರಿಯಿಂದ ಎಲೆ ತರಿಸಿ, ಗಂಡ ಹೆಂಡತಿ ಮನೆಯಲ್ಲೇ ಪೊಟ್ಟಣ ಕಟ್ಟಿ ಕಳಿಸುತ್ತಿದ್ದರು. ಅಂಗಡಿ ಇರಲಿಲ್ಲ, ಬೋರ್ಡು ಇರಲಿಲ್ಲ. ನಮ್ಮ ಗ್ರೂಪೇ ಅವರ ಅಂಗಡಿ. ಅದರಲ್ಲಿ ಒಳ್ಳೆಯ ಹೆಸರಿದ್ದರೆ ಮನೆ ನಡೆಯುತ್ತಿತ್ತು.

ಆ ಬೇಸಿಗೆಯ ಹೊಸ ಎಲೆ ಎಲ್ಲರ ಮನೆಗೂ ಬಂತು. ಅಡ್ಮಿನ್ ಸರ್ ಕುದಿಸಿದರು. ಬಣ್ಣ ಮಸಿಯಂತೆ. ಮೇಲೊಂದು ಪೊರೆ, ಎಣ್ಣೆ ಚೆಲ್ಲಿದ ಹಾಗೆ. ರುಚಿ ಸಪ್ಪೆ. ಫೋಟೋ ಹಾಕಿದರು. ಯಲಹಂಕದಿಂದ ಇನ್ನೊಂದು ಫೋಟೋ ಬಂತು. ಜಕ್ಕೂರಿನಿಂದ ಮತ್ತೊಂದು. ಎಲ್ಲ ಲೋಟದಲ್ಲೂ ಅದೇ ಪೊರೆ. ನನ್ನದರಲ್ಲೂ ಇತ್ತು.

"ನಮ್ಮನೇಲಿ ಸರಿಯಾಗೇ ಬರ್ತಿದೆ ಸಾರ್," ಎಂದು ಬರೆದರು ಭಾಯಿ.

"ಮಾರೋರ ಮನೇಲಿ ಯಾವಾಗ್ಲೂ ಸರಿಯಾಗೇ ಬರುತ್ತೆ," ಎಂದು ಉತ್ತರ ಹೋಯಿತು.

ಭಾಯಿ ವಾದ ಮಾಡಲಿಲ್ಲ. "ತಪ್ಪಾಯ್ತು. ಮೂಟೇಲಿ ಏನೋ ಆಗಿರ್ಬೇಕು. ಬೇರೆ ಎಲೆ ಕಳಿಸ್ತೀನಿ," ಎಂದರು. ಕಳಿಸಿದರು. ಅದರಲ್ಲೂ ಪೊರೆ.

ಕ್ಷಮೆ ಕೇಳದೆ ಇದ್ದಿದ್ದರೆ ಯಾರಾದರೂ ಅವರ ಪರ ಮಾತಾಡುತ್ತಿದ್ದರೇನೋ. ಕೇಳಿದ್ದರಿಂದ ತಪ್ಪು ಖಚಿತವಾಯಿತು. "ಮೊದಲನೇ ಸಲ ಅವರೇ ಒಪ್ಕೊಂಡಿದ್ದಾರೆ. ಎರಡನೇ ಸಲ ಮತ್ತೆ ಮಾಡಿದ್ದಾರೆ. ಇದು ಅಭ್ಯಾಸ," ಎಂದರು ಅಡ್ಮಿನ್ ಸರ್. ಭಾಯಿಯನ್ನು ತೆಗೆಯಬೇಕೋ ಬೇಡವೋ ಎಂದು ವೋಟು ನಡೆಯಿತು. ನಾನು ‘ಪರೀಕ್ಷಿಸಿ ನೋಡೋಣ’ ಎಂದು ಬರೆದೆ. ವೋಟಿನಲ್ಲಿ ಹಾಗೊಂದು ಆಯ್ಕೆ ಇಲ್ಲ ಎಂದರು. ಭಾಯಿ ಹೋದರು.

ರಾಜಾನುಕುಂಟೆಯವರೂ ತೆಗೆಯಿರಿ ಎಂದೇ ಒತ್ತಿದ್ದರು. ನನಗೆ ಆಶ್ಚರ್ಯವಾಗಿ ಫೋನ್ ಮಾಡಿದೆ. "ನಿಮಗೂ ಪೊರೆ ಬಂತಾ?"

"ಇಲ್ಲ ಮೇಡಂ, ಪೊಟ್ಣ ಇನ್ನೂ ಒಡ್ದೇ ಇಲ್ಲ."

"ಮತ್ತೆ ಯಾಕೆ ವೋಟ್ ಹಾಕಿದ್ರಿ?"

"ಎಲ್ರೂ ಅಂದ್ರಲ್ಲಾ ಅಂತ ಅಂದೆ."

ಡಾರ್ಜಿಲಿಂಗ್

ಮಾರನೆಯ ದಿನವೇ ಅದೇ ಯಜಮಾನರಿಂದ ಗ್ರೂಪಿಗೆ ವಾಯ್ಸ್ ಮೆಸೇಜು ಬಂತು. ಧ್ವನಿ ಸಣ್ಣದಾಗಿತ್ತು.

"ಸಾರ್, ನೆಂಟ್ರು ಬಂದಿದ್ರು. ನಮ್ಮನೆಯೋಳು ಭಾಯಿ ಪೊಟ್ಣ ಒಡ್ದು ಟೀ ಕಾಸ್ಬುಟ್ಲು. ಎಲ್ರೂ ಇನ್ನೊಂದ್ ಲೋಟ ಕೇಳಿ ಕುಡುದ್ರು. ಪೊರೆ ಗಿರೆ ಏನೂ ಇಲ್ಲ."

"ನಿಮ್ಮ ನಾಲಿಗೆ ಇನ್ನೂ ಪಳಗಿಲ್ಲ," ಎಂದರು ಅಡ್ಮಿನ್ ಸರ್.

ಪೊರೆ ಕಾಣುವುದು ಕಣ್ಣಿಗೆ, ನಾಲಿಗೆಗಲ್ಲ. ನಾನು ಯಜಮಾನರಿಗೆ ಫೋನ್ ಮಾಡಿ ಯಾವ ನೀರು ಎಂದು ಕೇಳಿದೆ. ಮೆತ್ತಗೆ, "ಫಿಲ್ಟರ್ ನೀರು ಮೇಡಂ. ಅವ್ಳಿಗೆ ರೂಲ್ಸ್ ಗೊತ್ತಿಲ್ಲ. ಅಡ್ಮಿನ್ ಸಾರ್‌ಗೆ ಏಳ್ಬೇಡಿ," ಅಂದರು.

ಭಾನುವಾರ ಭಾಯಿಯ ಪೊಟ್ಟಣ ಮತ್ತು ಒಂದು ಕ್ಯಾನ್ ಫಿಲ್ಟರ್ ನೀರು ಹಿಡಿದು ಅಲ್ಲಾಳಸಂದ್ರಕ್ಕೆ ಹೋದೆ. ಅಡ್ಮಿನ್ ಸರ್ ಅಡುಗೆಮನೆಯಲ್ಲಿ ಎರಡು ಪಾತ್ರೆ ಇಟ್ಟೆ. ಒಂದರಲ್ಲಿ ಅವರ ನಲ್ಲಿ ನೀರು, ಇನ್ನೊಂದರಲ್ಲಿ ಕ್ಯಾನ್ ನೀರು. ಎಲೆ ಅದೇ, ಅಳತೆ ಅದೇ, ಹೊತ್ತು ಅದೇ. ಕ್ಯಾನ್ ನೀರಿನ ಟೀ ಜೇನಿನ ಬಣ್ಣಕ್ಕೆ ಬಂತು. ನಲ್ಲಿ ನೀರಿನದಕ್ಕೆ ಪೊರೆ ಕಟ್ಟಿತು.

"ಸರ್, ಬೇಸಿಗೆ ಶುರುವಾದಾಗಿಂದ ನಿಮ್ಮ ಮನೆಯ ಸಂಪ್‌ಗೆ ಯಾವ ನೀರು ಬರ್ತಿದೆ?"

"ಕಾವೇರಿ ನೀರು ನಿಂತಿದೆಯಲ್ಲ. ಟ್ಯಾಂಕರ್."

"ಟ್ಯಾಂಕರಿನದು ಬೋರ್‌ವೆಲ್ ನೀರು. ಗಡಸು. ಈ ಕಡೆ ಎಲ್ಲರ ಮನೆಗೂ ಅದೇ ಬರ್ತಿದೆ. ಪೊರೆ ಎಲೆಯದಲ್ಲ, ನೀರಿನದು."

ಅವರು ನಂಬಲಿಲ್ಲ. ಬೀರುವಿನಿಂದ ಒಂದು ಡಬ್ಬಿ ತೆಗೆದರು. ತುಂಬ ಬೆಲೆಯ ಡಾರ್ಜಿಲಿಂಗ್, ವಿಶೇಷ ದಿನಕ್ಕೆಂದು ಇಟ್ಟದ್ದು. ಇದನ್ನು ನಲ್ಲಿ ನೀರಲ್ಲೇ ಕುದಿಸು, ಏನೂ ಆಗಲ್ಲ ನೋಡು ಎಂದರು. ಕುದಿಸಿದೆ. ಇಬ್ಬರೂ ಬಗ್ಗಿ ನೋಡುತ್ತ ನಿಂತೆವು. ಪೊರೆ ನಿಧಾನವಾಗಿ ಲೋಟದ ಅಂಚಿನಿಂದ ಅಂಚಿಗೆ ಹರಡಿತು.

ಅಡ್ಮಿನ್ ಸರ್ ಕುರ್ಚಿಯ ಮೇಲೆ ಕುಳಿತರು. ಮುಖ ಇಳಿದುಹೋಗಿತ್ತು. ನನಗೆ ಪಾಪ ಅನಿಸಿತು. ಅವರಿಗೆ ಅರ್ಥವಾಯಿತು, ಭಾಯಿಯನ್ನೇ ನೆನೆಸಿಕೊಳ್ಳುತ್ತಿದ್ದಾರೆ ಅಂದುಕೊಂಡೆ.

"ಹಾಗಾದ್ರೆ," ಅಂದರು ಕೊನೆಗೆ, "ಡಾರ್ಜಿಲಿಂಗಿನವನೂ ಮೋಸ ಮಾಡಿದ್ದಾನೆ."

ಕ್ಷಮಾಪಣೆ

ಕ್ಯಾನ್ ನೀರಿನಲ್ಲಿ ಡಾರ್ಜಿಲಿಂಗನ್ನೂ ಕುದಿಸಿ ತೋರಿಸಿದ ಮೇಲೆ ಒಪ್ಪಿದರು. ಗ್ರೂಪಿನ ಪರವಾಗಿ ಕ್ಷಮೆ ಕೇಳುವುದೆಂದು ತೀರ್ಮಾನವಾಯಿತು. ಕರಡು ಅವರೇ ಬರೆದರು. ‘ನೀರಿನ ಕಾರಣದಿಂದ ಸದಸ್ಯರೊಬ್ಬರ ಮನಸ್ಸಿಗೆ ನೋವಾಗಿದ್ದಲ್ಲಿ’ ಎಂದು ಶುರುವಾಗುತ್ತಿತ್ತು.

"ಆಗಿದ್ದಲ್ಲಿ ಯಾಕೆ ಸರ್? ಆಗಿದೆಯಲ್ಲ," ಎಂದೆ.

"ನಮಗೆ ಖಚಿತವಾಗಿ ಗೊತ್ತಿಲ್ವಲ್ಲಮ್ಮ. ಸೈನ್ಸ್ ಓದಿದೋಳು ನೀನು, ಪುರಾವೆ ಇಲ್ದೆ ಹೇಳ್ಬಾರ್ದು."

ಭಾಯಿಯನ್ನು ತೆಗೆಯುವಾಗ ಯಾರೂ ಇಷ್ಟು ಪುರಾವೆ ಕೇಳಿರಲಿಲ್ಲ.

ಕರಡಿನ ಮೇಲೆ ಚರ್ಚೆ ಸುಮಾರು ದಿನ ನಡೆಯಿತು. ಒಬ್ಬರು ನೀರಿನ ಸರಬರಾಜಿನವರನ್ನೂ ಖಂಡಿಸಬೇಕು ಎಂದರು. ಇನ್ನೊಬ್ಬರು ಬೇಸಿಗೆಯನ್ನು ಸೇರಿಸಿದರು. ಕೊನೆಗೆ ಕ್ಷಮಾಪಣೆ ಗ್ರೂಪಿಗೆ ಬಂತು. ಅದರ ಕೆಳಗೆ ಎಲ್ಲರೂ ಕೈಮುಗಿದ ಚಿತ್ರ ಹಾಕಿದರು. ಕೆಲವರು ಉದ್ದುದ್ದ ಬರೆದರು, ತಮ್ಮ ಅಪ್ಪನ ಕಾಲದ ಟೀ ನೆನಪುಗಳನ್ನು ಹೇಳಿಕೊಂಡರು. ಒಬ್ಬರಿಗೆ ಅಳು ಬಂತಂತೆ. ಇಂಥ ಗ್ರೂಪು ಎಲ್ಲೂ ಇಲ್ಲ ಎಂದು ಪರಸ್ಪರ ಹೊಗಳಿಕೊಂಡರು.

ಭಾಯಿಯಿಂದ ಉತ್ತರವಿಲ್ಲ. ಮಾರನೆಯ ದಿನವೂ ಇಲ್ಲ. ಗ್ರೂಪಿಗೆ ಬೇಸರ ಶುರುವಾಯಿತು.

"ಇಷ್ಟು ಜನ ಕೈಮುಗಿದಿದ್ದೀವಿ. ಒಂದು ಮಾತಾದ್ರೂ ಬರೀಬಾರ್ದಾ," ಎಂದರು ಒಬ್ಬರು.

"ದೊಡ್ಡ ಮನಸ್ಸು ಎಲ್ಲರಿಗೂ ಇರಲ್ಲ ಬಿಡಿ," ಎಂದರು ಅಡ್ಮಿನ್ ಸರ್.

ಆಗ ರಾಜಾನುಕುಂಟೆಯವರ ಮೆಸೇಜು ಬಂತು. "ಸಾರ್, ಇದು ಅವ್ರಿಗೆ ಎಂಗ್ ಕಾಣ್ತದೆ? ಅವ್ರನ್ನ ತೆಗ್ದಾಕಿದ್ವಲ್ಲ."

ಆರ್.ಟಿ. ನಗರ

ವಾಪಸ್ ಸೇರಿಸಲು ನೋಡಿದರು, ಆಗಲಿಲ್ಲ. ಅಡ್ಮಿನ್ ಸರ್ ನಂಬರನ್ನು ಭಾಯಿ ಬ್ಲಾಕ್ ಮಾಡಿದ್ದರು. ಹೋಗಿಯೇ ಕೇಳೋಣವೆಂದು ಮೂವರು ಹೊರಟೆವು, ಅಡ್ಮಿನ್ ಸರ್, ಯಜಮಾನರು, ನಾನು. ಯಜಮಾನರ ದೊಡ್ಡ ಕಾರು ಆ ಗಲ್ಲಿಗೆ ನುಗ್ಗಲಿಲ್ಲ. ಮುಖ್ಯರಸ್ತೆಯಲ್ಲಿ ಬಿಟ್ಟು ನಡೆದೆವು.

ಭಾಯಿ ಬಾಗಿಲು ತೆಗೆದು ನಮ್ಮ ಮೂವರನ್ನೂ ನೋಡಿದರು. "ಬನ್ನಿ, ಕೂತ್ಕೊಳ್ಳಿ," ಅಂದರು.

ಹಾಲ್ ತುಂಬ ರಟ್ಟಿನ ಪೆಟ್ಟಿಗೆಗಳು. ಟೇಪ್ ಹಾಕಿ ಮುಚ್ಚಿದ್ದರು. ಅಡ್ಮಿನ್ ಸರ್ ಕ್ಷಮಾಪಣೆಯನ್ನು ಫೋನಿನಿಂದಲೇ ಓದಿದರು. ‘ನೋವಾಗಿದ್ದಲ್ಲಿ’ ಬಂದಾಗ ನನ್ನ ಕಡೆ ನೋಡಿ ‘ನೋವಾಗಿದ್ದರಿಂದ’ ಎಂದು ತಿದ್ದಿಕೊಂಡರು. ನಾನು ನೀರಿನ ವಿಷಯ ಹೇಳಿದೆ. ಭಾಯಿ ತಲೆಯಾಡಿಸುತ್ತ ಕೇಳಿದರು.

"ನೀರಾ," ಅಂದರು. "ನಾನು ನನ್ನ ಎಲೆನೇ ಅನುಮಾನ ಪಟ್ಟೆ ಮೇಡಂ. ಅಷ್ಟು ಜನ ಹೇಳ್ತಿದಾರಲ್ಲ, ಸುಳ್ಳು ಹೇಳ್ತಾರಾ ಅಂತ. ಮೊದಲನೇ ಮೂಟೆ ಪೂರ್ತಿ ಗಿಡಕ್ಕೆ ಹಾಕ್ಬಿಟ್ಟೆ." ಬಾಲ್ಕನಿಯ ಕಡೆ ಕೈ ತೋರಿಸಿದರು. "ಗುಲಾಬಿ ಮಾತ್ರ ಈ ವರ್ಷ ಚೆನ್ನಾಗಿ ಬಂದಿದೆ."

"ಈ ಪೆಟ್ಟಿಗೆಗಳು?"

"ಹೋಟ್ಲಿಗೆ ಹೋಗ್ತಾವೆ. ಸಿಕ್ಕಿದ ರೇಟಿಗೆ. ಅವರು ಹಾಲು ಸಕ್ಕರೆ ಹಾಕಿ ಕುದಿಸ್ತಾರೆ, ವರದಿ ಬರೆಯಲ್ಲ."

"ಕಳಿಸ್ಬೇಡಿ ಭಾಯಿ," ಅಂದರು ಅಡ್ಮಿನ್ ಸರ್. ಅವರ ದನಿ ನಿಜಕ್ಕೂ ಒಡೆದಿತ್ತು. "ವಾಪಸ್ ಬನ್ನಿ. ಎಲ್ಲರೂ ತಗೋತಾರೆ. ನಾನು ಹೇಳ್ತೀನಿ."

ಭಾಯಿ ಪೆಟ್ಟಿಗೆಗಳನ್ನು ನೋಡಿದರು. ಒಳಗಿನಿಂದ ಹೆಂಡತಿ ಬಾಗಿಲ ಪರದೆ ಸರಿಸಿ ಅವರ ಮುಖ ನೋಡಿದರು. ಆಕೆಗೆ ವಾಪಸ್ ಹೋಗಲೆಂಬ ಆಸೆಯಿತ್ತು, ಕಾಣುತ್ತಿತ್ತು.

"ಮೊದ್ಲು ಟೀ ಕುಡೀರಿ," ಅಂದರು ಭಾಯಿ. "ಆಮೇಲೆ ಹೇಳ್ತೀನಿ." ಎದ್ದು ಒಳಗೆ ಹೋದರು. ಇಬ್ಬರೂ ಮೆಲ್ಲಗೆ ಏನೋ ಮಾತಾಡಿಕೊಂಡರು. ಟ್ರೇ ಹಿಡಿದು ಭಾಯಿಯೇ ಬಂದರು.

ಲೋಟದಲ್ಲಿ ಮಸಿಯಂಥ ಟೀ. ಮೇಲೆ ಪೊರೆ, ಕಿಟಕಿಯ ಬೆಳಕಿಗೆ ಮಿನುಗುತ್ತಿತ್ತು.

ನಾವು ಮೂವರೂ ನೋಡಿದೆವು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಡ್ಮಿನ್ ಸರ್ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿಕೊಂಡರು. "ಅದ್ಭುತ. ಒಣದ್ರಾಕ್ಷಿ."

"ಚೆನ್ನಾಗಿದೆ," ಅಂದೆ ನಾನು.

"ಸೂಪರ್ ಐತೆ," ಅಂದರು ಯಜಮಾನರು.

ಭಾಯಿ ತಮ್ಮ ಲೋಟ ಮುಟ್ಟಲಿಲ್ಲ. "ಈ ವಾರದಿಂದ ನಮ್ಮ ಬೀದೀಲೂ ಕಾವೇರಿ ನಿಂತಿದೆ, ಟ್ಯಾಂಕರ್ ನೀರೇ," ಅಂದರು. "ಫಿಲ್ಟರ್ ಇದೆ. ಇವತ್ತು ಬೇಡ, ನಲ್ಲಿದೇ ಹಾಕು ಅಂತ ನಾನೇ ಹೇಳ್ದೆ."

ಅಡ್ಮಿನ್ ಸರ್ ಲೋಟವನ್ನು ಟ್ರೇಗೆ ವಾಪಸ್ ಇಟ್ಟರು.

"ಆವತ್ತು ಚೆನ್ನಾಗಿರೋದನ್ನ ಕೆಟ್ಟಿದೆ ಅಂದ್ರಿ. ಇವತ್ತು ಕೆಟ್ಟಿರೋದನ್ನ ಚೆನ್ನಾಗಿದೆ ಅಂತೀರಿ. ನೀವು ಒಳ್ಳೆ ಜನ ಸಾರ್, ಮನೆ ತನಕ ಬಂದ್ರಿ. ನನಗೆ ಕೋಪ ಇಲ್ಲ. ಆದ್ರೆ ವಾಪಸ್ ಬಂದು ನಾನು ಯಾರ ಮಾತು ನಂಬ್ಲಿ?"

ಪರದೆ ಮತ್ತೆ ಮುಚ್ಚಿಕೊಂಡಿತು. ಪೆಟ್ಟಿಗೆಗಳನ್ನು ಒಯ್ಯಲು ಕೆಳಗೆ ಹೋಟೆಲಿನವರ ಆಟೋ ಬಂದು ಹಾರ್ನ್ ಮಾಡಿತು. ಭಾಯಿ ಎದ್ದರು, ಒಂದು ಪೆಟ್ಟಿಗೆ ಎತ್ತಿಕೊಂಡರು. ನಾವೂ ಎದ್ದು ಒಂದೊಂದು ಎತ್ತಿಕೊಂಡೆವು. ಮೆಟ್ಟಿಲ ಹತ್ತಿರ ಅವರು ನಿಂತು ಯಜಮಾನರ ಕಡೆ ತಿರುಗಿದರು.

"ಅಲ್ಲ ಯಜಮಾನ್ರೇ, ಟೀಲಿ ಟೀ ವಾಸ್ನೆ ಬರುತ್ತೆ ಅಂತ ಇದ್ದಿದ್ದು ಇದ್ದ ಹಾಗೆ ಹೇಳಿದೋರು ಆ ಗ್ರೂಪಲ್ಲಿ ನೀವೊಬ್ರೇ. ನೀವೂ ಸೂಪರ್ ಅಂದ್ಬಿಟ್ರಲ್ಲ?"

ಯಜಮಾನರು ಪೆಟ್ಟಿಗೆಯನ್ನು ಎದೆಗೆ ಒತ್ತಿಕೊಂಡು ನೆಲ ನೋಡಿದರು.

"ಎಲ್ರೂ ಅಂದ್ರಲ್ಲಾ ಅಂತ ಅಂದೆ."